ನಾಲ್ಕು ಹಲಗೆ, ನಾಲ್ಕು ರಾಡ್: ಸ್ಟೀರಿಯೊ ಸೆಟ್ಟಿಗೊಂದು ಅಗ್ಗದ ಸ್ಟ್ಯಾಂಡ್

ನನ್ನ ಮೊದಲ ಸ್ಟೀರಿಯೊ ಶೆಲ್ಫ್ ಸರಿಯಿಲ್ಲ ಅಂತ ಹೇಳಿದ್ದು ಒಂದು ಗೋಲಿ.

90 ಸೆಂ.ಮೀ. ಉದ್ದದ ಪಾರ್ಟಿಕಲ್ ಬೋರ್ಡ್ ಹಲಗೆ ಅದು. ಮೇಲೆ ಟರ್ನ್‌ಟೇಬಲ್, ಪಕ್ಕದಲ್ಲೇ ಭಾರದ ಆಂಪ್ಲಿಫೈಯರ್. ಒಂದು ವರ್ಷ ಏನೂ ತೊಂದರೆ ಕಾಣಲಿಲ್ಲ. ಆಮೇಲೆ ರೆಕಾರ್ಡಿನ ಮೇಲೆ ಮುಳ್ಳು ಇಳಿಸಿದಾಗಲೆಲ್ಲ ಅದು ಒಂದೇ ಕಡೆಗೆ ಜಾರುತ್ತಿದೆ ಅನ್ನಿಸತೊಡಗಿತು. ಎಲ್ಲ ಸಾಮಾನು ಕೆಳಗಿಳಿಸಿ ಹಲಗೆಯ ತುದಿಯಲ್ಲಿ ಗೋಲಿ ಇಟ್ಟೆ. ಅದು ತಾನಾಗೇ ಉರುಳಿಕೊಂಡು ನಡುವಿಗೆ ಬಂತು, ಸ್ವಲ್ಪ ಆಚೆ ಈಚೆ ತೂಗಾಡಿ ನಿಂತಿತು. ಇನ್ನೊಂದು ತುದಿಯಿಂದ ಬಿಟ್ಟರೂ ಅಲ್ಲಿಗೇ ಬಂತು. ಹಲಗೆ ನಡುವಲ್ಲಿ ಬಗ್ಗಿತ್ತು. ಭಾರ ತೆಗೆದ ಮೇಲೂ ಮೊದಲಿನಂತೆ ಆಗಲಿಲ್ಲ.

‘ಆಡಿಯೊ ರ‍್ಯಾಕ್’ ಅಂತ ಹೆಸರಿಟ್ಟು ಮಾರುವ ಸ್ಟ್ಯಾಂಡ್‌ಗಳು ಎಷ್ಟೋ ಸಲ ಅವುಗಳ ಮೇಲೆ ಕೂರುವ ಸಿಡಿ ಪ್ಲೇಯರಿಗಿಂತ ದುಬಾರಿ. ಅಷ್ಟು ದುಡ್ಡು ಸುರಿಯುವ ಅಗತ್ಯ ಇಲ್ಲ. ಶೆಲ್ಫ್ ಬಗ್ಗಬಾರದು, ಅಲ್ಲಾಡಬಾರದು, ಒಳಗೆ ಗಾಳಿ ಆಡಬೇಕು, ಹಿಂದುಗಡೆ ಕೈ ಹೋಗಬೇಕು. ಇಷ್ಟಕ್ಕೆ ಬೇಕಾಗಿರುವುದು ಪ್ಲೈವುಡ್, ಕಬ್ಬಿಣದ ರಾಡ್ ಮತ್ತು ಒಂದು ರಜಾದಿನ.

ಅಳತೆ ಹಿಂದಿನಿಂದ ಶುರು

ಎಲ್ಲರೂ ಮುಂದೆ ನಿಂತು ಅಗಲ ಅಳೆಯುತ್ತಾರೆ. ಅಗಲದ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಯೇ ಇಲ್ಲ. ಪೂರ್ಣ ಗಾತ್ರದ ಆಂಪ್ಲಿಫೈಯರ್, ಟ್ಯೂನರ್, ಕ್ಯಾಸೆಟ್ ಡೆಕ್, ಸಿಡಿ ಪ್ಲೇಯರ್ ಎಲ್ಲವೂ ಹೆಚ್ಚುಕಮ್ಮಿ 43 ಸೆಂ.ಮೀ. ಅಗಲವೇ. ಮೋಸ ಮಾಡುವುದು ಆಳ. ಕೈಪಿಡಿಯಲ್ಲಿ 35 ಸೆಂ.ಮೀ. ಅಂತ ಬರೆದಿರುತ್ತದೆ. ಹಿಂದೆ ಸ್ಪೀಕರ್ ವೈರು, ಆರ್‌ಸಿಎ ಪ್ಲಗ್ (ಆಡಿಯೊ ವೈರಿನ ತುದಿಯ ಪಿನ್), ಕರೆಂಟಿನ ವೈರು ಚುಚ್ಚಿದ ಮೇಲೆ ಅದೇ 42 ಆಗಿರುತ್ತದೆ. ಆದ್ದರಿಂದ ಎಲ್ಲ ವೈರುಗಳನ್ನೂ ಚುಚ್ಚಿಟ್ಟು, ಪ್ಲಗ್ಗುಗಳು ಬಾಗದ ಹಾಗೆ, ಹಿಂದಿನಿಂದ ಮುಂದಿನ ಗುಂಡಿಯ ತುದಿವರೆಗೆ ಟೇಪ್ ಹಿಡಿಯಿರಿ. ಪುಸ್ತಕದ ಕಪಾಟು ಈ ಕೆಲಸಕ್ಕೆ ಆಗುವುದಿಲ್ಲ ಅನ್ನುವುದು ಆಗ ಗೊತ್ತಾಗುತ್ತದೆ. ಅದರ ಆಳ ಸಾಮಾನ್ಯವಾಗಿ 30 ಸೆಂ.ಮೀ. ಆಸುಪಾಸು.

ಎತ್ತರಕ್ಕೆ ಬಂದರೆ, ಆಂಪ್ಲಿಫೈಯರ್ ಮೇಲೆ ಕಡಿಮೆ ಅಂದರೂ 10 ಸೆಂ.ಮೀ. ಖಾಲಿ ಬಿಡಿ. ಕೈಪಿಡಿ ಇನ್ನೂ ಜಾಸ್ತಿ ಕೇಳಿದರೆ ಅದರ ಮಾತೇ ನಡೆಯಲಿ. ಒಳಗಿನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ (ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಬಿಡಿಭಾಗಗಳ) ಆಯಸ್ಸು, ಬಿಸಿ ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿದಾಗಲೂ ಸುಮಾರು ಅರ್ಧಕ್ಕೆ ಇಳಿಯುತ್ತದೆ ಅನ್ನುವುದು ರಿಪೇರಿಯವರ ಹಳೆಯ ಲೆಕ್ಕ. ಕ್ಲಾಸ್ ಎ (ಹಾಡಿಲ್ಲದಾಗಲೂ ಕರೆಂಟು ಎಳೆಯುತ್ತಲೇ ಇರುವ ಬಗೆ) ಅಥವಾ ವಾಲ್ವ್ (ಗಾಜಿನ ಕೊಳವೆಯ) ಆಂಪ್ಲಿಫೈಯರ್ ಆದರೆ ಮೇಲೆ ಹಲಗೆಯೇ ಬೇಡ. ಅವು ಸುಮ್ನೆ ಆನ್ ಆಗಿದ್ದರೂ ಬಿಸಿಯಾಗುತ್ತವೆ.

ಟರ್ನ್‌ಟೇಬಲ್ ಇದ್ದರೆ ಮುಚ್ಚಳ ಪೂರ್ತಿ ತೆರೆದು ನಿಲ್ಲಿಸಿ ಅಳೆಯಿರಿ, ಹಿಂದಕ್ಕೆ ಎಷ್ಟು ಚಾಚುತ್ತದೆ ಅಂತಲೂ ನೋಡಿ. ಇದನ್ನು ಮರೆತವರು ರೆಕಾರ್ಡ್ ಹಾಕುವಾಗೆಲ್ಲ ಒಂದು ಕೈಯಲ್ಲಿ ಮುಚ್ಚಳ ಹಿಡಿದುಕೊಂಡಿರುತ್ತಾರೆ.

ಹಲಗೆಯ ಲೆಕ್ಕ

ಗೋಲಿಯ ಕಥೆಗೆ ಕಾರಣ ಸರಳ. ಅಷ್ಟೇ ಭಾರ, ಅಷ್ಟೇ ದಪ್ಪದ ಹಲಗೆ ಇಟ್ಟುಕೊಂಡು, ಎರಡು ಆಸರೆಗಳ ನಡುವಿನ ದೂರವನ್ನು 60ರಿಂದ 90 ಸೆಂ.ಮೀ.ಗೆ ಹೆಚ್ಚಿಸಿದರೆ ಬಗ್ಗುವಿಕೆ ಒಂದೂವರೆ ಪಟ್ಟು ಆಗುವುದಲ್ಲ, ಸುಮಾರು 3.4 ಪಟ್ಟು ಆಗುತ್ತದೆ. ದಪ್ಪದ ಕಡೆಯಿಂದ ಇದೇ ಲೆಕ್ಕ ನಮಗೆ ಲಾಭ. ದಪ್ಪ ಎರಡರಷ್ಟಾದರೆ ಬಗ್ಗುವುದು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಅಂದರೆ ಗಿಡ್ಡ ಹಲಗೆ, ದಪ್ಪ ಹಲಗೆ. 60 ಸೆಂ.ಮೀ. ಉದ್ದಕ್ಕೆ 18 ಮಿ.ಮೀ. ಪ್ಲೈವುಡ್ ಧಾರಾಳ ಸಾಕು. ತುಂಬ ಭಾರದ ಆಂಪ್ಲಿಫೈಯರ್ ಇದ್ದರೆ ಅದರ ಹಲಗೆಯೊಂದನ್ನು 25 ಮಿ.ಮೀ. ಮಾಡಿ.

ಎಂಡಿಎಫ್ (ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ) ನುಣುಪಾಗಿರುತ್ತದೆ, ಬಣ್ಣ ಚೆನ್ನಾಗಿ ಕೂರುತ್ತದೆ, ಆದರೆ ಅದೇ ದಪ್ಪದ ಪ್ಲೈವುಡ್ಡಿಗಿಂತ ಜಾಸ್ತಿ ಬಗ್ಗುತ್ತದೆ. ಪಾರ್ಟಿಕಲ್ ಬೋರ್ಡ್ ಅದಕ್ಕಿಂತಲೂ ಕಡೆ. ಮೇಲಾಗಿ ಇವೆಲ್ಲ ಭಾರ ಹೊತ್ತುಕೊಂಡೇ ಇದ್ದರೆ ತಿಂಗಳುಗಟ್ಟಲೆ ನಿಧಾನಕ್ಕೆ ಬಗ್ಗುತ್ತಲೇ ಹೋಗುತ್ತವೆ. ಮೊದಲ ದಿನ ನೆಟ್ಟಗಿತ್ತು ಅಂತ ನಂಬಬೇಡಿ. ಪ್ಲೈವುಡ್ ಕೊಯ್ಯಿಸುವಾಗ ಮೇಲಿನ ಪದರದ ಎಳೆಗಳು ಹಲಗೆಯ ಉದ್ದಕ್ಕೆ ಬರುವ ಹಾಗೆ ಹೇಳಿ, ಅದರಿಂದಲೂ ಗಟ್ಟಿತನ ಹೆಚ್ಚುತ್ತದೆ.

ಈಗಾಗಲೇ ಮನೆಯಲ್ಲಿರುವ ಟಿವಿ ಸ್ಟ್ಯಾಂಡ್ ಅಥವಾ ಹಳೆಯ ಮೇಜನ್ನೇ ಬಳಸುವುದಾದರೂ ಸಂತೋಷವೇ. ಬಗ್ಗಿದ ಹಲಗೆಯ ಮುಂದಿನ ಅಂಚಿನ ಕೆಳಗೆ 4 ಸೆಂ.ಮೀ. ಎತ್ತರದ ಮರದ ಪಟ್ಟಿಯನ್ನು ಅಂಟು ಹಾಕಿ ಸ್ಕ್ರೂ ಮಾಡಿದರೆ ಅದಕ್ಕೆ ಹೊಸ ಜೀವ ಬರುತ್ತದೆ. ಗಾಳಿಗೆ ಅಂತ ಹಿಂದಿನ ತೆಳು ಹಾಳೆಯನ್ನು ಪೂರ್ತಿ ಕಿತ್ತು ಹಾಕಬೇಡಿ. ಕಪಾಟು ಪಕ್ಕಕ್ಕೆ ವಾಲದಂತೆ ಹಿಡಿದಿರುವುದೇ ಆ ಹಾಳೆ. ದೊಡ್ಡ ತೂತು ಕೊರೆದರೆ ಸಾಕು. ಕಬ್ಬಿಣದ ತಂತಿಯ ಶೆಲ್ಫಿನಲ್ಲಿ ಗಾಳಿ ಚೆನ್ನಾಗಿ ಆಡುತ್ತದೆ, ಆದರೆ ಉಪಕರಣದ ಕಾಲು ತಂತಿಗಳ ಸಂದಿಗೆ ಇಳಿಯುತ್ತದೆ. ಮೇಲೆ ಒಂದು ಪ್ಲೈವುಡ್ ತುಂಡು ಹಾಸಿ.

ರಾಡ್ ಸ್ಟ್ಯಾಂಡ್ ಕಟ್ಟುವುದು

ಇದು ನನ್ನ ಮೆಚ್ಚಿನ ದಾರಿ. ಹವ್ಯಾಸಿಗಳು ಇದನ್ನು ಫ್ಲೆಕ್ಸಿ ರ‍್ಯಾಕ್ ಅನ್ನುತ್ತಾರೆ. ನಾಲ್ಕು ಮೂಲೆಗಳಲ್ಲಿ ಮರೆ (ಸ್ಕ್ರೂವಿನಲ್ಲಿರುವಂಥ ಸುರುಳಿ ಗೆರೆ) ಇರುವ ರಾಡ್, ಅದಕ್ಕೆ ಪೋಣಿಸಿದ ಹಲಗೆ, ಪ್ರತಿ ಹಲಗೆಯ ಮೇಲೂ ಕೆಳಗೂ ನಟ್. ನಾಳೆ ಹೊಸ ಉಪಕರಣ ಬಂದರೆ ನಟ್ ತಿರುಗಿಸಿ ಎತ್ತರ ಬದಲಾಯಿಸಬಹುದು. ಕೊಂಡು ತಂದ ಎಷ್ಟೋ ಸ್ಟ್ಯಾಂಡ್‌ಗಳಲ್ಲಿ ಈ ಅನುಕೂಲ ಇರುವುದಿಲ್ಲ.

ಬೇಕಾಗುವುದು ಅರ್ಧ ಹಾಳೆ, ಅಂದರೆ 4 ಅಡಿಗೆ 4 ಅಡಿಯ 18 ಮಿ.ಮೀ. ಪ್ಲೈವುಡ್. ಅದರಲ್ಲಿ 60ಕ್ಕೆ 45 ಸೆಂ.ಮೀ.ನ ನಾಲ್ಕು ಹಲಗೆ ಬಂದು ಒಂದು ಪಟ್ಟಿ ಉಳಿಯುತ್ತದೆ. ಎಸೆಯಬೇಡಿ, ಮುಂದೆ ಕೆಲಸಕ್ಕೆ ಬರುತ್ತದೆ. ಒಂದು ಮೀಟರ್ ಉದ್ದದ ಎಂ10 (10 ಮಿ.ಮೀ. ದಪ್ಪದ) ರಾಡ್ ನಾಲ್ಕು. ಎಂ8 ಸಾಕಾಗುವುದಿಲ್ಲವೇ ಅಂತ ಕೇಳಬಹುದು. ಮುರಿಯುವುದಿಲ್ಲ, ಆದರೆ ಇಡೀ ಸ್ಟ್ಯಾಂಡ್ ಪಕ್ಕಕ್ಕೆ ತೊನೆಯುತ್ತದೆ. ನಟ್ 32, ಅಗಲದ ವಾಷರ್ 32. ತುದಿಗೆ ರಾಡಿನ ಅಳತೆಯ ರಬ್ಬರ್ ಬುಷ್ ನಾಲ್ಕು.

ಮೊದಲು ಹಲಗೆಗಳ ಅಂಚನ್ನು ಉಪ್ಪುಕಾಗದದಿಂದ ಉಜ್ಜಿ ನಯ ಮಾಡಿ. ನಾಲ್ಕನ್ನೂ ಒಂದರ ಮೇಲೊಂದು ಸರಿಯಾಗಿ ಜೋಡಿಸಿ ಕ್ಲಾಂಪ್ ಹಾಕಿ ಬಿಗಿಯಿರಿ. ಮೂಲೆಯಿಂದ ಎರಡೂ ಕಡೆ 4 ಸೆಂ.ಮೀ. ಒಳಗೆ ಗುರುತು ಮಾಡಿ. ಎಲ್ಲ ಹಲಗೆಗೂ ಒಟ್ಟಿಗೇ 11 ಮಿ.ಮೀ. ಬಿಟ್‌ನಿಂದ ತೂತು ಕೊರೆಯಿರಿ. ಕೆಳಗೆ ಉಳಿದ ಪಟ್ಟಿಯ ತುಂಡು ಇಟ್ಟುಕೊಂಡರೆ ಬಿಟ್ ಆಚೆ ಬರುವಾಗ ಪದರ ಕಿತ್ತು ಬರುವುದಿಲ್ಲ. ಕ್ಲಾಂಪ್ ಬಿಚ್ಚುವ ಮುಂಚೆ ಪ್ರತಿ ಹಲಗೆಯ ಮುಂದಿನ ಎಡಮೂಲೆಯಲ್ಲಿ ಪೆನ್ಸಿಲ್‌ನಿಂದ 1, 2, 3, 4 ಅಂತ ಬರೆದಿಡಿ. ಕೈಯಲ್ಲಿ ಹಿಡಿದ ಡ್ರಿಲ್ ಒಂದು ಕೂದಲಷ್ಟಾದರೂ ವಾಲಿಯೇ ಇರುತ್ತದೆ. ಹಲಗೆಗಳು ಅದೇ ಸಾಲಿನಲ್ಲಿ, ಅದೇ ಮುಖವಾಗಿ ಕೂತರೆ ಮಾತ್ರ ರಾಡ್ ಸಲೀಸಾಗಿ ಇಳಿಯುತ್ತದೆ. ಬಣ್ಣ ಬಳಿಯುವುದಿದ್ದರೆ ಈಗಲೇ ಬಳಿಯಿರಿ, ಆದರೆ ಆ ಅಂಕಿಯನ್ನು ಉಳಿಸಿಕೊಳ್ಳಿ.

ರಾಡಿನ ಉದ್ದದ ಲೆಕ್ಕ ಹೀಗೆ. ಕೆಳಗೆ ಕಾಲಿಗೆ 5 ಸೆಂ.ಮೀ., ನಾಲ್ಕು ಹಲಗೆಗೆ 7.2, ಆಂಪ್ಲಿಫೈಯರ್ ಅಂಕಣಕ್ಕೆ 26, ಉಳಿದೆರಡಕ್ಕೆ 20 ಮತ್ತು 18, ತುದಿಯ ನಟ್ಟಿಗೆ ಒಂದೂವರೆ. ಒಟ್ಟು 77.7, ಅಂದರೆ ಸುಮಾರು 78. ನಿಮ್ಮ ಸಾಮಾನಿಗೆ ತಕ್ಕಂತೆ ಬದಲಿಸಿಕೊಳ್ಳಿ. ರಾಡನ್ನು ಗರಗಸದಿಂದ ಕೊಯ್ಯುವ ಮೊದಲು ಅದಕ್ಕೆ ಒಂದು ನಟ್ ಹಾಕಿ, ಕೊಯ್ಯುವ ಜಾಗದಿಂದ ಒಳಗೆ ಸರಿಸಿ. ಕೊಯ್ದು, ಅರದಿಂದ ಅಂಚು ಉಜ್ಜಿ, ಆಮೇಲೆ ಆ ನಟ್ಟನ್ನು ತುದಿಯಿಂದ ಆಚೆ ತೆಗೆಯಿರಿ. ಕೊಯ್ದ ಜಾಗದಲ್ಲಿ ಕೆಟ್ಟ ಮರೆಯನ್ನು ಅದೇ ಸರಿಪಡಿಸಿಕೊಂಡು ಹೊರಬರುತ್ತದೆ. ಇದು ಗೊತ್ತಿಲ್ಲದ ಮೊದಲ ಸಲ, ಕೊಯ್ದ ತುದಿಗೆ ನಟ್ ಹತ್ತಿಸಲು ನಾನು ಅರ್ಧ ದಿನ ಒದ್ದಾಡಿದ್ದೆ.

ಜೋಡಣೆ ಕೆಳಗಿನಿಂದ ಮೇಲಕ್ಕೆ. ರಾಡಿಗೆ ನಟ್, ಅದರ ಮೇಲೆ ವಾಷರ್, ಹಲಗೆ, ಮತ್ತೆ ವಾಷರ್, ನಟ್. ಎಲ್ಲವನ್ನೂ ಕೈಯಲ್ಲೇ ಸಡಿಲವಾಗಿ ಬಿಡಿ, ಸ್ಪ್ಯಾನರ್ ಈಗಲೇ ಮುಟ್ಟಬೇಡಿ. ಎಂ10 ಮರೆಯಲ್ಲಿ ಒಂದು ಸುತ್ತಿಗೆ ನಟ್ ಸರಿಯುವುದು 1.5 ಮಿ.ಮೀ. ಮಾತ್ರ. 30 ಸೆಂ.ಮೀ. ಇಳಿಯಲು 200 ಸುತ್ತು! ಹಾಡು ಹಾಕಿಕೊಂಡು ಕೂರುವ ಕೆಲಸ ಇದು, ಆದರೆ ಸ್ಟೀರಿಯೊ ಇನ್ನೂ ನೆಲದ ಮೇಲಿದೆ ಅಲ್ವಾ.

ಇದೇ 1.5 ಮಿ.ಮೀ. ಮಟ್ಟ ಮಾಡುವಾಗ ವರವಾಗುತ್ತದೆ. ಸ್ಟ್ಯಾಂಡನ್ನು ಅದರ ಜಾಗದಲ್ಲೇ ನಿಲ್ಲಿಸಿ, ಕೆಳಗಿನ ಹಲಗೆಯ ಮೇಲೆ ರಸಮಟ್ಟವನ್ನು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಇಟ್ಟು ನೋಡಿ. ಗುಳ್ಳೆ ಯಾವ ಕಡೆಗೆ ಓಡುತ್ತದೋ ಆ ಕಡೆ ಎತ್ತರ. ಆ ಮೂಲೆಯ ಕೆಳಗಿನ ನಟ್ಟನ್ನು ಕಾಲು ಸುತ್ತು ಇಳಿಸಿ, ಮತ್ತೆ ನೋಡಿ. ಕಾಲು ಸುತ್ತು ಅಂದರೆ ಅರ್ಧ ಮಿ.ಮೀ.ಗೂ ಕಡಿಮೆ. ಗುಳ್ಳೆ ಎರಡು ಗೆರೆಗಳ ನಡುವೆ ನಿಂತ ಮೇಲೆ ಕೆಳಗಿನ ನಟ್ಟನ್ನು ಒಂದು ಸ್ಪ್ಯಾನರ್‌ನಲ್ಲಿ ಹಿಡಿದುಕೊಂಡು ಮೇಲಿನದನ್ನು ಇನ್ನೊಂದರಿಂದ ಬಿಗಿಯಿರಿ. ವಾಷರ್ ಮರಕ್ಕೆ ಕೂರುವಷ್ಟು ಬಿಗಿದರೆ ಆಯಿತು, ಮರದೊಳಗೆ ಇಳಿಯಬಾರದು. ಹೀಗೇ ಒಂದೊಂದೇ ಹಲಗೆ.

ಮುಗಿದ ಮೇಲೆ ಪಕ್ಕದಿಂದ ತಳ್ಳಿ ನೋಡಿ. ಮಕ್ಕಳಿರುವ ಮನೆಯಾದರೆ ಹಿಂದಿನಿಂದ ಒಂದು ಎಲ್ ಪಟ್ಟಿ ಹಾಕಿ ಗೋಡೆಗೆ ಬಿಗಿಯುವುದು ಕಡ್ಡಾಯ ಅಂತಲೇ ತಿಳಿಯಿರಿ.

ಯಾವುದು ಎಲ್ಲಿ ಕೂರಬೇಕು

ಭಾರದ್ದು ಕೆಳಗೆ, ಟರ್ನ್‌ಟೇಬಲ್ ಮೇಲೆ. ಇದಕ್ಕೆ ಭಾರವೊಂದೇ ಕಾರಣವಲ್ಲ. ಆಂಪ್ಲಿಫೈಯರಿನ ಟ್ರಾನ್ಸ್‌ಫಾರ್ಮರ್ ಹತ್ತಿರ ಇದ್ದರೆ ಟರ್ನ್‌ಟೇಬಲ್ಲಿನ ಕಾರ್ಟ್ರಿಜ್ (ಮುಳ್ಳನ್ನು ಹಿಡಿದಿರುವ ಭಾಗ) ಅದರ ಗುಂಯ್ ಅನ್ನುವ ಸದ್ದನ್ನು ಎಳೆದುಕೊಂಡು ಹಾಡಿನ ಜೊತೆ ಸೇರಿಸುತ್ತದೆ. ನಡುವೆ ಸಿಡಿ ಪ್ಲೇಯರ್, ಡೆಕ್ ಕೂತರೆ ದೂರ ತಾನಾಗೇ ಸಿಗುತ್ತದೆ.

ನಡೆದಾಗ ಮುಳ್ಳು ಹಾರುತ್ತದೆಯೇ? ನೆಲ ಅದುರುತ್ತಿದೆ ಅಂತ ಅರ್ಥ. ಹಾಗಿದ್ದರೆ ಟರ್ನ್‌ಟೇಬಲ್ ಒಂದನ್ನೇ ಗಟ್ಟಿ ಗೋಡೆಗೆ ಹೊಡೆದ ಬ್ರಾಕೆಟ್ ಮೇಲಿಡಿ. ಬೇರೆ ಯಾವ ಮೆತ್ತೆಯೂ ಅಷ್ಟು ಕೆಲಸ ಮಾಡುವುದಿಲ್ಲ. ಸಿಡಿ ಪ್ಲೇಯರ್ ಕೆಳಗೆ ಇಡುವ ದುಬಾರಿ ಲೋಹದ ಮೊನೆಗಳ ಬಗ್ಗೆ ನನಗೆ ನಂಬಿಕೆ ಇಲ್ಲ. ಆ ದುಡ್ಡಿಗೆ ರೆಕಾರ್ಡ್ ಕೊಳ್ಳಿ. ಸ್ಪೀಕರನ್ನು ಮಾತ್ರ ಯಾವತ್ತೂ ಇದೇ ಸ್ಟ್ಯಾಂಡ್ ಮೇಲೆ ಇಡಬೇಡಿ. ಅದರ ನಡುಕ ಹಲಗೆಯಿಂದ ಮುಳ್ಳಿಗೆ ಹೋಗಿ, ಮತ್ತೆ ಸ್ಪೀಕರಿಗೇ ಬಂದು ಊಳಿಡಲು ಶುರುವಾಗುತ್ತದೆ.

ಕರೆಂಟಿನ ವೈರುಗಳನ್ನು ಒಂದು ಪಕ್ಕದ ರಾಡಿಗೆ, ಆಡಿಯೊ ವೈರುಗಳನ್ನು ಇನ್ನೊಂದಕ್ಕೆ ಕಟ್ಟಿ. ಎದುರಾಗಲೇಬೇಕಾದರೆ ಅಡ್ಡಡ್ಡ ದಾಟಲಿ, ಜೊತೆಜೊತೆಗೆ ಓಡುವುದು ಬೇಡ.

ಎಲ್‌ಪಿ ರೆಕಾರ್ಡುಗಳನ್ನು ಈ ಸ್ಟ್ಯಾಂಡಿಗೆ ಹೇರಬೇಡಿ. ಕವರ್ ಸೇರಿ ಅವು ಸುಮಾರು 31.5 ಸೆಂ.ಮೀ. ಚೌಕ, ಆದ್ದರಿಂದ ಒಳಗೆ 33 ಸೆಂ.ಮೀ. ಇರುವ ಚೌಕದ ಗೂಡು ಬೇಕು. ಅಂಥ ಒಂದು ಗೂಡು ತುಂಬಿದರೆ 20 ಕೆ.ಜಿ. ಹತ್ತಿರ ಬರುತ್ತದೆ, ಅದಕ್ಕೆ ನೆಲದ ಮೇಲೆ ಕೂರುವ ಪೆಟ್ಟಿಗೆಯೇ ಸರಿ. ನೆಟ್ಟಗೆ ನಿಲ್ಲಿಸಿ, ಒಂದರ ಮೇಲೊಂದು ಪೇರಿಸಬೇಡಿ.

ಒಂದು ತಿಂಗಳ ನಂತರ ಎಲ್ಲ ನಟ್‌ಗಳನ್ನೂ ಸ್ಪ್ಯಾನರ್‌ನಿಂದ ಇನ್ನೊಮ್ಮೆ ಮುಟ್ಟಿ ನೋಡಿ. ವಾಷರ್ ಕೆಳಗೆ ಮರ ಸ್ವಲ್ಪ ಅಮುಕಿಕೊಂಡಿರುತ್ತದೆ, ಕೆಲವು ಸಡಿಲಾಗಿರುತ್ತವೆ. ಆಗಲೇ ಟರ್ನ್‌ಟೇಬಲ್ ತಟ್ಟೆಯ ಮೇಲೂ ರಸಮಟ್ಟ ಇಟ್ಟು ನೋಡಿ. ರಸಮಟ್ಟ ಕೈಗೆ ಸಿಗದಿದ್ದರೆ ಹಲಗೆಯ ಮೇಲೆ ಒಂದು ಗೋಲಿ ಬಿಡಿ.