ಕೈಟ್ ಏಳಿಸಲು ದೋಣಿ ಹತ್ತಿದ್ದು: ಕೋಡಿ ಬೆಂಗ್ರೆಯಲ್ಲಿ ನನ್ನ ಅನುಭವ

ಕೈಟ್‌ಬೋರ್ಡಿಂಗ್ ಎಂದರೆ ದೊಡ್ಡ ಗಾಳಿಪಟದ ಎಳೆತಕ್ಕೆ ಹಲಗೆಯ ಮೇಲೆ ನಿಂತು ನೀರಿನಲ್ಲಿ ಜಾರುವ ಆಟ. ಅದರ ಕೈಟನ್ನು ದಡದಿಂದ ಏಳಿಸಬೇಕಾದರೆ ಮೊದಲು ಬೇಕಾದದ್ದು ಬಯಲು. ದಾರಗಳೇ 20ರಿಂದ 24 ಮೀಟರ್ ಉದ್ದ. ಅವನ್ನು ಹಾಸಿದ ಮೇಲೂ ಗಾಳಿ ಹೋಗುವ ದಿಕ್ಕಿನಲ್ಲಿ ಅಷ್ಟಕ್ಕಿಂತ ಹೆಚ್ಚು ಜಾಗ ಖಾಲಿ ಇರಬೇಕು. ನಮ್ಮ ಉಡುಪಿ ಕರಾವಳಿಯ ಬಹಳಷ್ಟು ಕಡೆ ಮರಳಿನ ಪಟ್ಟಿಗೆ ಒತ್ತಿಕೊಂಡೇ ತೆಂಗಿನ ತೋಟ, ಅದರಾಚೆ ವಿದ್ಯುತ್ ತಂತಿ, ನಡುವೆ ಕಡಲ್ಕೊರೆತ ತಡೆಯಲು ಸುರಿದ ಕರಿಕಲ್ಲಿನ ರಾಶಿ. ಬೇಸಿಗೆಯ ಮಧ್ಯಾಹ್ನ ಬೀಸುವ ವಾಯವ್ಯದ ಗಾಳಿ ಎಲ್ಲವನ್ನೂ ಅತ್ತಲೇ ತಳ್ಳುತ್ತದೆ. ಅದಕ್ಕಾಗಿಯೇ ನಾನು ದೋಣಿ ಹಿಡಿದೆ. ಕೆಲವರು ಇದನ್ನು ಸಾಹಸ ಎನ್ನುತ್ತಾರೆ. ತೆಂಗಿನ ಮರಗಳ ಎದುರು ದಡದಲ್ಲಿ ಕೈಟ್ ಏಳಿಸುವುದೇ ನನಗೆ ಹೆಚ್ಚು ಭಯದ ಕೆಲಸ.

ನೀರಿನಿಂದ ಏಳುವ ಗುಣ ಈ ಕೈಟ್‌ನ ಹುಟ್ಟಿನಲ್ಲೇ ಇದೆ. ಫ್ರಾನ್ಸಿನ ಬ್ರೂನೋ ಮತ್ತು ಡೊಮಿನಿಕ್ ಲೆಗೆನ್ಯೂ ಸಹೋದರರು 1984ರಲ್ಲಿ ಗಾಳಿ ತುಂಬುವ ಕೊಳವೆಗಳುಳ್ಳ ಕೈಟ್‌ಗೆ ಪೇಟೆಂಟ್ ಅರ್ಜಿ ಹಾಕಿದ್ದೇ, ನೀರಿಗೆ ಬಿದ್ದರೂ ಮುಳುಗದೆ ಮತ್ತೆ ಏಳಬೇಕೆಂದು. ಮುಂದಂಚಿನ ದಪ್ಪ ಕೊಳವೆ ತೇಲುತ್ತದೆ, ಬಟ್ಟೆ ಗಾಳಿಗೆ ಎದೆಕೊಟ್ಟು ನಿಲ್ಲುತ್ತದೆ. ಆದ್ದರಿಂದ ಕೊಳವೆ ಬಿಗಿಯಾಗಿರಲೇಬೇಕು. ನಾನು ಸುಮಾರು 7 ಪಿಎಸ್‌ಐ ಒತ್ತಡದವರೆಗೆ ಪಂಪು ಹೊಡೆಯುತ್ತೇನೆ. ಮೆತ್ತಗಿದ್ದರೆ ಅಲೆಯ ಹೊಡೆತಕ್ಕೆ ನಡುವೆ ಮಡಚಿಕೊಳ್ಳುತ್ತದೆ, ಆಮೇಲೆ ಏನು ಎಳೆದರೂ ಏಳುವುದಿಲ್ಲ.

ಕೋಡಿ ಬೆಂಗ್ರೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸ್ವರ್ಣಾ ನದಿ. ಹೊಳೆಯ ಬದಿಯ ನೀರು ಸಮತಟ್ಟಾಗಿ ಕಾಣುತ್ತದೆ, ಹೊಸಬರಿಗೆ ಅಲ್ಲೇ ಇಳಿಯುವ ಆಸೆ. ಆದರೆ ತೆಂಗಿನ ಸಾಲನ್ನು ದಾಟಿ ಬಂದ ಗಾಳಿ ಮುರಿದಿರುತ್ತದೆ. ಒಮ್ಮೆ ಸತ್ತು ಒಮ್ಮೆ ಝಾಡಿಸುತ್ತದೆ. ಒಡೆಯುವ ಅಲೆಗಳ ಸಾಲಿನಾಚೆ, ಕಡಲಿನ ಬಯಲಲ್ಲಿ ಗಾಳಿ ಒಂದೇ ಸಮ. ಅಲ್ಲಿಗೆ ಹೋಗಲು ಹೊಳೆ ಕಡಲು ಸೇರುವ ಅಳಿವೆ ದಾಟಬೇಕು, ಅದಕ್ಕೆ ಉಬ್ಬರ ಇಳಿತ ಬಲ್ಲ ದೋಣಿಯವರು ಬೇಕು.

ನನ್ನನ್ನು ಕರೆದೊಯ್ಯುವ ಅಣ್ಣ ಮೀನುಗಾರಿಕೆಯವರು. ಕೈಟ್ ಅವರಿಗೆ ಹೊಸತು, ಗಾಳಿ ಹೊಸತಲ್ಲ. ನೀರಿನ ಮೇಲಿನ ಕಪ್ಪು ಮಚ್ಚೆ ನೋಡಿ, ಬಡಗಿನಿಂದ ಬಿರುಸು ಬರುತ್ತಿದೆ ಎಂದು ನನಗಿಂತ ಮೊದಲೇ ಹೇಳುತ್ತಾರೆ. ನನ್ನ ಅವಸರ ಕಂಡಾಗ, “ಇಳಿತ ಮುಗಿಯಲಿ ಮಾರಾಯರೇ, ಆಮೇಲೆ ಹೋಗುವ” ಎಂದು ಬೀಡಿ ಹಚ್ಚುತ್ತಾರೆ. ಅವರು ಸರಿ. ಇಳಿತದ ನೀರು ಪಡುವಣಕ್ಕೆ ಹರಿದು ಎದುರುಗಾಳಿಗೆ ಡಿಕ್ಕಿಯಾದಾಗ ಅಳಿವೆಯಲ್ಲಿ ಅಲೆಗಳು ಗೋಡೆಯಂತೆ ಎದ್ದು ನಿಲ್ಲುತ್ತವೆ.

ನೀರಿನ ಸೆಳೆತದ ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. ಲಂಗರು ಹಾಕಿದ ದೋಣಿಯ ಮೂತಿ ಸಾಮಾನ್ಯವಾಗಿ ಗಾಳಿಯ ಕಡೆಗೆ ತಿರುಗುತ್ತದೆ, ಕೈಟನ್ನು ಹಿಂಬದಿಯಿಂದ ನೀರಿಗೆ ಬಿಟ್ಟರೆ ಅದು ತಾನಾಗಿ ದೂರ ಸರಿಯುತ್ತದೆ. ಆದರೆ ಸೆಳೆತ ಜೋರಾಗಿರುವಲ್ಲಿ ಮೂತಿ ಸೆಳೆತದ ಕಡೆಗೆ ನಿಲ್ಲುತ್ತದೆ, ಕೈಟ್ ದೋಣಿಯ ಮಗ್ಗುಲಿಗೆ ಉಜ್ಜಿಕೊಳ್ಳುತ್ತದೆ. ನೀರಿಗಿಳಿದ ಮೇಲೂ ಹಾಗೆಯೇ. ಗಾಳಿ ಹೋಗುವ ದಿಕ್ಕಿಗೇ ಸೆಳೆತವಿದ್ದರೆ ನಾನೂ ಕೈಟ್‌ನ ಬೆನ್ನಿಗೇ ತೇಲುತ್ತೇನೆ, ದಾರ ಸಡಿಲಾಗುತ್ತದೆ, ಕೈಟ್‌ಗೆ ಉಸಿರೇ ಸಿಗುವುದಿಲ್ಲ. ಆದ್ದರಿಂದ ಅಳಿವೆಯಿಂದ ಸಾಕಷ್ಟು ಬಡಗಿಗೆ ಸರಿದ ಮೇಲೆಯೇ ಲಂಗರು.

ಅಲ್ಲಿ ಮೊದಲ ಕೆಲಸ ಎಂಜಿನ್ ಬಂದ್ ಮಾಡಿ, ಪ್ರೊಪೆಲ್ಲರನ್ನು ನೀರಿನಿಂದ ಮೇಲೆತ್ತಿ ನಿಲ್ಲಿಸುವುದು. ಈ ವಿಷಯದಲ್ಲಿ ನಾನು ಯಾರ ಮಾತಿಗೂ ಬಗ್ಗುವುದಿಲ್ಲ. ತೆಳುವಾದ ದಾರ ತಿರುಗುವ ರೆಕ್ಕೆಗೆ ಸಿಕ್ಕಿದರೆ, ಅದರ ಇನ್ನೊಂದು ತುದಿಯಲ್ಲಿ ಇರುವುದು ಮನುಷ್ಯ.

ದಾರಗಳನ್ನು ದಡದಲ್ಲೇ ಬಿಡಿಸಿ, ನೋಡಿ, ಕೈಟ್‌ಗೆ ಕಟ್ಟಿ, ಕೈಯಲ್ಲಿ ಹಿಡಿಯುವ ಅಡ್ಡಕೋಲಾದ ಬಾರ್‌ಗೆ ಸುತ್ತಿಕೊಂಡು ಬಂದಿರುತ್ತೇನೆ. ಅಲುಗಾಡುವ ದೋಣಿಯಲ್ಲಿ ಸಿಕ್ಕು ಬಿಡಿಸಲು ಹೋದರೆ ಇನ್ನಷ್ಟು ಸಿಕ್ಕಾಗುತ್ತದೆ. ಕೈಟ್‌ಗೆ ಗಾಳಿ ತುಂಬುವಾಗ ಅಣ್ಣ ಮುಂದಂಚನ್ನು ಗಾಳಿಗೆ ಎದುರಾಗಿ ಹಿಡಿದಿರುತ್ತಾರೆ. ಲೈಫ್ ಜಾಕೆಟ್, ಕೈಟ್‌ನ ಎಳೆತ ಹೊರುವ ಸೊಂಟದ ಪಟ್ಟಿ ಅಂದರೆ ಹಾರ್ನೆಸ್, ದಾರ ಕತ್ತರಿಸುವ ಕೊಕ್ಕೆಚೂರಿ ಮೈಮೇಲೆ ಬಂದ ಮೇಲೆ, ಕೈಟನ್ನು ಮೈಗೆ ಜೋಡಿಸುವ ಸುರಕ್ಷತೆಯ ಲೀಶ್ ಸಿಕ್ಕಿಸಿಕೊಂಡು, ಬಾರ್ ಹಿಡಿದು ನೀರಿಗಿಳಿಯುತ್ತೇನೆ. ಅವರು ಕೈಟನ್ನು ಬಿಡುತ್ತಾರೆ. ಅದು ತೇಲುತ್ತಾ ಸಾಗಿದಂತೆ ನಾನು ಸುತ್ತು ಸುತ್ತಾಗಿ ದಾರ ಬಿಡುತ್ತೇನೆ, ಹಗುರವಾದ ಬಿಗಿತ ತಪ್ಪದ ಹಾಗೆ. ಈ ಎರಡು ನಿಮಿಷಗಳ ತಾಳ್ಮೆಯಲ್ಲಿ ಇಡೀ ಕೆಲಸ ಇದೆ. ದಾರ ಪೂರ್ತಿ ಹೋದ ಮೇಲೆ ನಾಲ್ಕನ್ನೂ ಕಣ್ಣಿನಲ್ಲೇ ಕೈಟ್‌ವರೆಗೆ ಹಿಂಬಾಲಿಸಿ ನೋಡುತ್ತೇನೆ. ಒಂದು ಇನ್ನೊಂದನ್ನು ದಾಟಿದ್ದರೂ ಏಳಿಸುವುದಿಲ್ಲ. ಸುತ್ತಿಕೊಂಡು ಮತ್ತೆ ಮೊದಲಿನಿಂದ.

ಎಲ್ಲ ಸರಿಯಿದ್ದರೆ ಬಾರನ್ನು ಹಾರ್ನೆಸ್‌ಗೆ ಸಿಕ್ಕಿಸಿ, ಕೈಟ್‌ನ ಹಿಂಬದಿಯ ದಾರಗಳಲ್ಲಿ ಒಂದನ್ನು ಮಾತ್ರ ಎಳೆದು ಹಿಡಿಯುತ್ತೇನೆ. ಕೈಟ್ ಮೆಲ್ಲಗೆ ಹೊರಳಿ ರೆಕ್ಕೆಯ ತುದಿಯ ಮೇಲೆ ನಿಂತು, ಗಾಳಿಯ ಹರವಿನ, ಅಂದರೆ ಕೈಟ್ ಹಾರಬಲ್ಲ ವಲಯದ, ಅಂಚಿಗೆ ಸರಿಯುತ್ತದೆ. ನಾನು ಯಾವಾಗಲೂ ಕಡಲ ಕಡೆಯ ಅಂಚನ್ನೇ ಆರಿಸುತ್ತೇನೆ. ಅಂಚಿನಲ್ಲಿ ಎಳೆತ ಕಡಿಮೆ. ಕೈಟ್ ನೀರು ಕೊಡವಿಕೊಂಡು ಏಳುತ್ತದೆ. ಎದ್ದ ಕೂಡಲೇ ಹಿಡಿದ ದಾರ ಬಿಡಬೇಕು, ಇಲ್ಲದಿದ್ದರೆ ಅದು ಸುತ್ತಿ ನಡುಗಾಳಿಗೆ ಬಂದು ಅಪ್ಪಳಿಸುತ್ತದೆ. ಕೈಟ್ ನೆತ್ತಿಯ ಮೇಲೆ ನಿಂತ ಮೇಲೆ ಅಣ್ಣ ಬೋರ್ಡನ್ನು ನನ್ನ ಕಡೆ ತೇಲಿಬಿಡುತ್ತಾರೆ. ನಾನು ದೂರ ಹೋಗಿ ಕೈ ಎತ್ತುವವರೆಗೆ ಎಂಜಿನ್ ಶುರುವಾಗುವುದಿಲ್ಲ.

ಬೆಳಗಿನ ಮೂಡಣ ಗಾಳಿಯಲ್ಲಿ ಇದನ್ನು ಮಾಡಲೇಬಾರದು. ಮಧ್ಯಾಹ್ನದ ಗಾಳಿಯಲ್ಲಿ ಎಲ್ಲವೂ ಕೆಟ್ಟರೂ ಕೈಟ್‌ನ ಎಳೆತ ತಕ್ಷಣ ಕಳಚುವ ಕ್ವಿಕ್ ರಿಲೀಸ್ ಬಿಡಿಸಿ, ದಾರ ಸುತ್ತಿ, ಕೈಟನ್ನೇ ಹಾಯಿಯಾಗಿ ಹಿಡಿದು ದಡ ಸೇರಬಹುದು. ಮೂಡಣ ಗಾಳಿ ಒಯ್ಯುವುದು ನಡುಗಡಲಿಗೆ. ಕರಾವಳಿ ಕಾವಲು ಪಡೆಯ 1554 ಸಂಖ್ಯೆ ಅಣ್ಣನ ಮೊಬೈಲಿನಲ್ಲೂ ಇದೆ, ನಾನು ಹೊರಡುವಾಗ ಮನೆಯಲ್ಲೂ ಬರೆದಿಟ್ಟಿರುತ್ತೇನೆ.