ಹೊಸ ಸೇವೆಯನ್ನು ಕಟ್ಟುವವರು ಉದ್ಯಮದಿಂದ ಕಲಿಯಬೇಕಾದದ್ದು

ಕ್ರೈಸ್ತ ಸೇವೆಯೊಂದನ್ನು ಹೊಸದಾಗಿ ಆರಂಭಿಸುವವರೂ ಉದ್ಯಮಕ್ಕೆ ಕೈಹಾಕುವವರೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಈ ಊರಿನ ಜನರಿಗೆ ನಿಜವಾಗಿಯೂ ಏನು ಬೇಕಾಗಿದೆ? ಇದಕ್ಕೆ ಉತ್ತರ ಹುಡುಕುವ ಬಗೆಯನ್ನು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಮಾಡಿದ ಕೆಲಸದ ಇತಿಹಾಸದಿಂದ ಕಲಿಯಬಹುದು.

1834ರಲ್ಲಿ ಮಂಗಳೂರಿಗೆ ಬಂದ ಮಿಷನರಿಗಳು ಸುವಾರ್ತೆ ಸಾರಲು ಬಂದವರೇ ಹೊರತು ಕಾರ್ಖಾನೆ ಕಟ್ಟಲು ಬಂದವರಲ್ಲ. ಆದರೆ ದೀಕ್ಷಾಸ್ನಾನ ಪಡೆದವರಲ್ಲಿ ಅನೇಕರು ಜಾತಿಯಿಂದ ಹೊರಗಾಗಿ ಜೀವನೋಪಾಯವನ್ನೇ ಕಳೆದುಕೊಂಡಾಗ, ಅವರ ಹೊಟ್ಟೆಪಾಡಿನ ಚಿಂತೆ ಕ್ರೈಸ್ತ ಸಭೆಯ ಚಿಂತೆಯೂ ಆಯಿತು. 1841ರಲ್ಲಿ ಮುದ್ರಣಾಲಯ ಆರಂಭವಾಯಿತು; 1851ರಲ್ಲಿ ಬಂದ ಹ್ಯಾಲರ್ ಸುಧಾರಿತ ಮಗ್ಗಗಳನ್ನು ತಂದು ನೇಯ್ಗೆಯನ್ನು ಬೆಳೆಸಿದರು; 1865ರಲ್ಲಿ ಪ್ಲೆಬ್ಸ್ಟ್ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಕೈಗೆತ್ತಿಕೊಂಡ ಕಸುಬುಗಳಲ್ಲಿ ಕೆಲವು ನೆಲೆನಿಲ್ಲಲಿಲ್ಲ. ಕರಾವಳಿಯ ಜೇಡಿಮಣ್ಣು ಮತ್ತು ಭಾರೀ ಮಳೆ, ಇವೆರಡಕ್ಕೂ ಹೊಂದಿಕೊಂಡ ಹೆಂಚು ಮಾತ್ರ ಊರಿನ ಗುರುತೇ ಆಯಿತು.

ಆದ್ದರಿಂದ ಕಟ್ಟಡಕ್ಕೆ ಹಣ ಕೂಡಿಸುವ ಮೊದಲು ಮನೆಮನೆಗೆ ಹೋಗಿ, ಸಾಲ, ಕುಡಿತ, ಮಕ್ಕಳ ಓದು, ಒಂಟಿಯಾಗಿರುವ ವೃದ್ಧರು ಮುಂತಾದವುಗಳಲ್ಲಿ ಯಾವುದು ಆ ಬಡಾವಣೆಯನ್ನು ಹೆಚ್ಚು ಕಾಡುತ್ತಿದೆ ಎಂಬುದನ್ನು ಕೇಳಿ ತಿಳಿಯಿರಿ. ಒಂದೇ ಕೆಲಸವನ್ನು ಸಣ್ಣ ಪ್ರಮಾಣದಲ್ಲಿ ಆರಂಭಿಸಿರಿ. ಅದು ಜನರಿಗೆ ಉಪಯೋಗವಾಗದಿದ್ದರೆ, ಪ್ರಾರ್ಥಿಸಿ ಆರಂಭಿಸಿದ್ದೆಂಬ ಕಾರಣಕ್ಕೆ ಅದನ್ನು ಎಳೆದುಕೊಂಡು ಹೋಗಬೇಡಿರಿ, ನಿಲ್ಲಿಸುವುದು ಅವಿಶ್ವಾಸವಲ್ಲ.

ಹಣದ ವಿಷಯದಲ್ಲಿ ಉದ್ಯಮಿಗಿಂತಲೂ ಕಟ್ಟುನಿಟ್ಟಾಗಿರಬೇಕು, ಏಕೆಂದರೆ ಕಾಣಿಕೆಯ ಪೆಟ್ಟಿಗೆಗೆ ಬೀಳುವುದರಲ್ಲಿ ಬಡವರ ಕೂಲಿಯೂ ಇರುತ್ತದೆ. ಯೆರೂಸಲೇಮಿನ ಬಡವರಿಗಾಗಿ ಕೂಡಿಸಿದ ಹಣವನ್ನು ನಿರ್ವಹಿಸುವಾಗ ಯಾರೂ ತಪ್ಪು ಹೊರಿಸದಂತೆ ಬೈಬಲಿನ ಅಪೊಸ್ತಲ ಪೌಲನು ಸಭೆಗಳು ನೇಮಿಸಿದ ಸಹೋದರನನ್ನು ಜೊತೆಗಿಟ್ಟುಕೊಂಡನು. ನೀವೂ ಟ್ರಸ್ಟ್ ಅಥವಾ ಸಂಘವನ್ನು ನೋಂದಾಯಿಸಿ, ಅದರ ಹೆಸರಿನಲ್ಲೇ ಬ್ಯಾಂಕ್ ಖಾತೆ ತೆರೆದು, ಕುಟುಂಬದವರಲ್ಲದ ಒಬ್ಬರ ಸಹಿಯೂ ಕಡ್ಡಾಯವಾಗಿರುವಂತೆ ಮಾಡಿಕೊಳ್ಳಿರಿ. ವರ್ಷದ ಲೆಕ್ಕವನ್ನು ಸಭೆಯ ಮುಂದೆ ಓದಿಸಿರಿ. ವಿದೇಶದಿಂದ ವಂತಿಗೆ ಪಡೆಯುವುದಾದರೆ 2010ರ ವಿದೇಶಿ ವಂತಿಗೆ ಕಾಯ್ದೆಯಡಿ ಅನುಮತಿ ಬೇಕು.

ಪೌಲನು ಕೊರಿಂಥದಲ್ಲಿ ಅಕ್ವಿಲ ಮತ್ತು ಪ್ರಿಸ್ಕಿಲ್ಲರೊಂದಿಗೆ ಡೇರೆ ಹೊಲಿದು ದುಡಿದಂತೆ, ಆರಂಭದ ವರ್ಷಗಳಲ್ಲಿ ಸ್ವಂತ ದುಡಿಮೆಯನ್ನು ಉಳಿಸಿಕೊಳ್ಳುವುದು ಲೇಸು. ಕಾಣಿಕೆಯೇ ಸಂಬಳವಾದರೆ, ಹೆಚ್ಚು ಕೊಡುವವರಿಗೆ ಅಪ್ರಿಯವಾದ ಮಾತನ್ನು ಹೇಳಲು ನಾಲಿಗೆ ಹಿಂಜರಿಯುತ್ತದೆ.

ಆದರೆ ಒಂದು ಕಡೆ ಉದ್ಯಮದೊಂದಿಗಿನ ಈ ಹೋಲಿಕೆಯನ್ನು ಬಿಡಲೇಬೇಕು. ವಿಶ್ವಾಸಿಗಳು ಗಿರಾಕಿಗಳಲ್ಲ. ಸಭೆಯೇ ಕೆಲಸವನ್ನೂ ಕೊಡುವುದಾದರೆ ಉದ್ಯೋಗ ಮತ್ತು ಸಭಾ ಸದಸ್ಯತ್ವ ಎರಡನ್ನೂ ಸ್ಪಷ್ಟವಾಗಿ ಬೇರೆಬೇರೆಯಾಗಿಡಿ. ಸಂಬಳ ಕೊಡುವವನೇ ಸಭಾಪಾಲಕನೂ ಆಗಿದ್ದಲ್ಲಿ ತನ್ನ ನಂಬಿಕೆ ಸ್ವತಂತ್ರವೋ ಅಲ್ಲವೋ ಎಂದು ಆಳಿಗೇ ತಿಳಿಯದು.

ಮೊದಲನೆಯ ಮಹಾಯುದ್ಧದ ಹೊತ್ತಿಗೆ ಬ್ರಿಟಿಷ್ ಸರಕಾರವು ಮಿಷನ್ನಿನ ಕಾರ್ಖಾನೆಗಳನ್ನು ವಶಪಡಿಸಿಕೊಂಡಿತು. ಸಭೆಗಳ ಹೊಣೆ ಹೊರಲು ಇಲ್ಲಿಯವರೇ ಮುಂದೆ ಬರಬೇಕಾಯಿತು. ಅಂಥ ಒತ್ತಡ ಬರುವವರೆಗೆ ಕಾದು ಕೂರದೆ, ಲೆಕ್ಕ, ಬೋಧನೆ, ಭೇಟಿ ಈ ಮೂರನ್ನೂ ಮೊದಲ ವರ್ಷದಿಂದಲೇ ಸ್ಥಳೀಯರೊಬ್ಬರಿಗೆ ಕಲಿಸುತ್ತ ಬನ್ನಿರಿ.