ಬಲೆ ಎಳೆಯುವ ದಿನಕ್ಕೆ ಮುಂಚೆಯೇ ಕ್ಯಾಮೆರಾ

ಹಳ್ಳಿಯ ವೀಕ್ಷಕರಿಗಾಗಿ ಮೀನು ಕೃಷಿಯ ಟಿವಿ ಕಾರ್ಯಕ್ರಮ ಮಾಡುವವರಿಗೆ ಎದುರಾಗುವ ಮೊದಲ ತೊಡಕೆಂದರೆ ಬೆಳೆ ಕಣ್ಣಿಗೆ ಕಾಣದಿರುವುದು. ಭತ್ತಕ್ಕೆ ರೋಗ ಬಂದರೆ ಎಲೆಯನ್ನು ತೋರಿಸಬಹುದು, ಹಸು ಸೊರಗಿದರೆ ಪಕ್ಕೆಲುಬು ಕಾಣುತ್ತದೆ. ಕೊಳದಲ್ಲಿ ಕಾಣುವುದು ನೀರು ಮಾತ್ರ. ಅದಕ್ಕೇ ಹೆಚ್ಚಿನವರು ಬಲೆ ಎಳೆಯುವ ದಿನ ನೋಡಿಕೊಂಡು ಕ್ಯಾಮೆರಾ ಹೊತ್ತು ಹೋಗುತ್ತಾರೆ. ಮೀನುಗಳು ಚಿಮ್ಮುತ್ತವೆ, ರೈತರು ದೊಡ್ಡದೊಂದು ಕಾಟ್ಲಾವನ್ನು ಎರಡೂ ಕೈಗಳಲ್ಲಿ ಎತ್ತಿ ಹಿಡಿಯುತ್ತಾರೆ, ಆದಾಯದ ಮಾತು ಬರುತ್ತದೆ, ಕಾರ್ಯಕ್ರಮ ಮುಗಿಯುತ್ತದೆ. ನೋಡಲು ಚೆಂದ. ಆದರೆ ಅದನ್ನು ನೋಡಿದವರು ಮರುದಿನ ತಮ್ಮ ಕೃಷಿ ಹೊಂಡದ ಬಳಿ ನಿಂತು ಏನು ಮಾಡಬೇಕು?

ನಾನು ಅನುಸರಿಸುತ್ತ ಬಂದ ಕ್ರಮ ಬೇರೆ. ಕೊಳ ಒಣಗಿಸಿ ಸುಣ್ಣ ಎರಚುವ ಹಂತದಿಂದಲೇ ಚಿತ್ರೀಕರಣ ಶುರುಮಾಡುತ್ತೇನೆ. ಒಂದೇ ಕೊಳ, ಒಂದೇ ಕುಟುಂಬ, ಇಡೀ ಬೆಳೆ. ಇದಕ್ಕೆ ಓಡಾಟ ಹೆಚ್ಚು, ಖರ್ಚೂ ಹೆಚ್ಚು. ಆದರೂ ಬೇರೆ ದಾರಿ ನನಗೆ ಕಂಡಿಲ್ಲ.

ನೀರನ್ನು ತೋರಿಸುವುದೇ ಒಂದು ಕೆಲಸ. ನಡುಹಗಲಿನಲ್ಲಿ ಕೊಳ ಬರೀ ಬಿಸಿಲಿನ ಹೊಳಪಾಗಿ ಕಾಣುತ್ತದೆ. ಲೆನ್ಸಿಗೆ ಪೋಲರೈಸಿಂಗ್ ಫಿಲ್ಟರ್ ಹಾಕಿ, ನೀರಿನ ಮೇಲ್ಮೈಗೆ ಸುಮಾರು 37 ಡಿಗ್ರಿ ಓರೆಯಾಗಿ ಕ್ಯಾಮೆರಾ ಹಿಡಿದು, ಫಿಲ್ಟರನ್ನು ನಿಧಾನವಾಗಿ ತಿರುಗಿಸಿದರೆ ಆ ಹೊಳಪು ಬಹುಪಾಲು ಅಡಗಿ ನೀರಿನ ನಿಜವಾದ ಬಣ್ಣ ಕಾಣಿಸುತ್ತದೆ. ಆ ಬಣ್ಣವೇ ಮೀನು ಕೃಷಿಕರ ಮೊದಲ ಪಾಠ. ತಿಳಿ ಹಸಿರಾಗಿದ್ದರೆ ಮೀನಿಗೆ ಬೇಕಾದ ಪ್ಲವಕಗಳು, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಜೀವಿಗಳು, ಹದವಾಗಿವೆ, ಕಡು ಹಸಿರಾಗಿದ್ದರೆ ಮಿತಿ ಮೀರಿವೆ. ಅಳೆಯಲು ಸೆಕ್ಕಿ ತಟ್ಟೆಯಿದೆ; ಅದನ್ನು ನೀರಿಗೆ ಇಳಿಸಿ ಎಷ್ಟು ಆಳದಲ್ಲಿ ಮರೆಯಾಗುತ್ತದೆ ಎಂದು ನೋಡುತ್ತಾರೆ. 1865ರಲ್ಲಿ ಇಟಲಿಯ ಪಾದ್ರಿ ಹಾಗೂ ವಿಜ್ಞಾನಿ ಆಂಜೆಲೊ ಸೆಕ್ಕಿ ಸಮುದ್ರದಲ್ಲಿ ಪ್ರಯೋಗಿಸಿದ ಸಾಧನ ಅದು. ನಾನು ತಟ್ಟೆಯನ್ನು ಒಮ್ಮೆ ತೋರಿಸಿ, ಉಳಿದಂತೆ ಕೈಯನ್ನೇ ತೋರಿಸುತ್ತೇನೆ. ರೈತ ಮಹಿಳೆ ಕೊಳಕ್ಕೆ ಇಳಿದು, ಅಂಗೈಯನ್ನು ಮೇಲ್ಮುಖವಾಗಿ ಮಡಿಸಿ ತೋಳನ್ನು ನೀರಿಗೆ ಇಳಿಸುತ್ತಾಳೆ. ಬೆರಳಿನ ಗೆರೆಗಳು ಮಸುಕಾಗುತ್ತವೆ, ಆಮೇಲೆ ಬೆರಳುಗಳು, ಕೊನೆಗೆ ಅಂಗೈ. ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಮರೆಯಾದರೆ ನೀರು ಸರಿಯಾಗಿದೆ. ಅದಕ್ಕಿಂತ ಬಹಳ ಮೊದಲೇ ಮರೆಯಾದರೆ ಗೊಬ್ಬರ ನಿಲ್ಲಿಸಬೇಕು. ಈ ದೃಶ್ಯವನ್ನು ನಾನು ಎಲ್ಲಿಯೂ ಕತ್ತರಿಸುವುದಿಲ್ಲ. ಅದು ಎಷ್ಟು ಹೊತ್ತು ಹಿಡಿಯುತ್ತದೋ ಅಷ್ಟೂ ಹೊತ್ತು ಪರದೆಯ ಮೇಲೆ ಇರಬೇಕು.

ಮರಿ ಬಿಡುವ ದೃಶ್ಯವೂ ಹಾಗೆಯೇ. ಆಮ್ಲಜನಕ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಕೊಳದಲ್ಲಿ ಹದಿನೈದು ಇಪ್ಪತ್ತು ನಿಮಿಷ ತೇಲಿಬಿಟ್ಟು ಒಳಗಿನ ಮತ್ತು ಹೊರಗಿನ ನೀರಿನ ಬಿಸಿ ಸಮವಾಗಲು ಬಿಡಬೇಕು. ನಂತರ ಬಾಯಿ ಬಿಚ್ಚಿ, ಕೊಳದ ನೀರನ್ನು ಬೊಗಸೆಯಷ್ಟು ಬೊಗಸೆಯಷ್ಟಾಗಿ ಒಳಬಿಟ್ಟು, ಮರಿಗಳು ತಾವಾಗಿಯೇ ಈಜಿ ಹೊರಬರುವಂತೆ ಚೀಲವನ್ನು ವಾಲಿಸಬೇಕು. ಟಿವಿಯಲ್ಲಿ ಸಾಮಾನ್ಯವಾಗಿ ಕಾಣುವುದು ಅತಿಥಿಗಳು ಸಾಲಾಗಿ ನಿಂತು ಚೀಲವನ್ನು ಸುರಿಯುವ ಚಿತ್ರ. ನೋಡಿದವರು ಅದನ್ನೇ ಕಲಿಯುತ್ತಾರೆ. ಬಿಸಿಯ ಏರುಪೇರಿನಿಂದ ಸೋತ ಮರಿಗಳು ಒಂದೆರಡು ದಿನ ಬಿಟ್ಟು ಸತ್ತಾಗ, ಮರಿ ಕೊಟ್ಟವರ ಮೇಲೆ ದೂರು ಹೋಗುತ್ತದೆ. ಈ ಸಂಚಿಕೆಯನ್ನು ಜುಲೈ 10ರ ಆಸುಪಾಸಿನಲ್ಲಿ ಪ್ರಸಾರ ಮಾಡಲು ನನಗೆ ಇಷ್ಟ. ಅದು ಮಳೆಗಾಲದಲ್ಲಿ ಮೀನುಮರಿ ಬಿಡುವ ಹೊತ್ತು, ಜೊತೆಗೆ ರಾಷ್ಟ್ರೀಯ ಮೀನು ಕೃಷಿಕರ ದಿನ. 1957ರಲ್ಲಿ ಅದೇ ದಿನ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆಮೀನುಗಳಿಂದ ಮೊಟ್ಟೆ ಇಡಿಸಿದ್ದರು. ಅದಕ್ಕೂ ಮೊದಲು ಮರಿಗಳಿಗೆ ಹೆಚ್ಚಾಗಿ ನದಿಯನ್ನೇ ನಂಬಬೇಕಿತ್ತು. ಇಂದು ಚೀಲದಲ್ಲಿ ಬರುವ ಮರಿಯ ಹಿಂದೆ ಇಷ್ಟು ದೊಡ್ಡ ಸಾಧನೆಯಿದೆ ಎಂದು ತಿಳಿದರೆ ಅದನ್ನು ಸುರಿಯುವ ಕೈಗೂ ಸ್ವಲ್ಪ ತಾಳ್ಮೆ ಬಂದೀತು.

ಇನ್ನು ಬೆಳಗಿನ ಜಾವ. ಕೊಳದ ಹಸಿರು ಕಣಗಳು ಹಗಲಿನಲ್ಲಿ ಆಮ್ಲಜನಕ ಕೊಡುತ್ತವೆ, ರಾತ್ರಿ ಮೀನಿನ ಜೊತೆ ಅವೂ ಅದನ್ನೇ ಬಳಸುತ್ತವೆ. ಹಾಗಾಗಿ ಸೂರ್ಯ ಹುಟ್ಟುವ ಮುನ್ನ ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆ ಇರುತ್ತದೆ. ಹಿಂದಿನ ದಿನ ಮೋಡ ಕವಿದಿದ್ದರಂತೂ ಅಪಾಯ ಹೆಚ್ಚು. ಮೀನುಗಳು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿರುತ್ತವೆ. ಮೇವಿಗಾಗಿ ಬಂದಿವೆ ಎಂದು ತಿಳಿದು ಇನ್ನಷ್ಟು ಮೇವು ಹಾಕುವವರಿದ್ದಾರೆ, ಅದು ಕೊಳೆತು ಇದ್ದ ಆಮ್ಲಜನಕವನ್ನೂ ತಿನ್ನುತ್ತದೆ. ಇದನ್ನು ಮಾತಿನಲ್ಲಿ ಎಷ್ಟು ಹೇಳಿದರೂ ಸಾಲದು. ನಮ್ಮ ತಂಡ ಕೊಳದ ದಂಡೆಯಲ್ಲಿ ರಾತ್ರಿ ಕಳೆದು ಅದನ್ನು ಚಿತ್ರೀಕರಿಸುತ್ತದೆ. ದೀಪ ಹಾಕಿದರೆ ಮೀನು ಬೆದರುತ್ತದೆ, ನಸುಬೆಳಕಿಗೇ ಕಾಯಬೇಕು. ಮೈಕ್ ಮಾತ್ರ ನೀರಿಗೆ ತೀರಾ ಹತ್ತಿರ ಇಡುತ್ತೇವೆ. ಗಾಳಿ ಗುಟುಕರಿಸುವ ಆ ಚಪ್ ಚಪ್ ಸದ್ದು ಒಮ್ಮೆ ಕಿವಿಗೆ ಬಿದ್ದರೆ ರೈತರು ಮರೆಯುವುದಿಲ್ಲ. ಹಿಂದೆಯೇ ಪರಿಹಾರ: ಮೇವು ನಿಲ್ಲಿಸಿ, ನೀರಿಗೆ ಗಾಳಿ ಬೆರೆಸುವ ಏರೇಟರ್ ಓಡಿಸಿ, ಅದಿಲ್ಲದಿದ್ದರೆ ಪಂಪಿನಿಂದ ನೀರನ್ನು ಎತ್ತರದಿಂದ ಸುರಿಯಿರಿ.

ಯಶಸ್ಸಿನ ಕಥೆಗಳ ವಿಚಾರದಲ್ಲಿ ನಾನು ಬಹಳ ಕಟ್ಟುನಿಟ್ಟು. ಮೀನಿನ ತ್ಯಾಜ್ಯವನ್ನು ಬ್ಯಾಕ್ಟೀರಿಯಾಗಳ ಮೂಲಕ ಮೇವಾಗಿಸುವ ಬಯೋಫ್ಲಾಕ್ ತೊಟ್ಟಿಯಲ್ಲಿ ಮೀನು ಕಿಕ್ಕಿರಿದಿರುತ್ತದೆ, ಬ್ಯಾಕ್ಟೀರಿಯಾಗಳೂ ಆಮ್ಲಜನಕ ಬಳಸುತ್ತವೆ. ಗಾಳಿ ಪಂಪ್ ನಿಂತರೆ ಸ್ವಲ್ಪ ಹೊತ್ತಿನಲ್ಲೇ ಮೀನು ಸಾಯತೊಡಗುತ್ತದೆ. ಆದ್ದರಿಂದ ನನ್ನ ಮೊದಲ ಪ್ರಶ್ನೆ, "ಕರೆಂಟ್ ಹೋದರೆ ಏನು ಮಾಡುತ್ತೀರಿ ಯಜಮಾನರೇ?" ಉತ್ತರದ ಜೊತೆ ಜನರೇಟರನ್ನು ಕೂಡ ತೋರಿಸುತ್ತೇನೆ. ಆದಾಯ ಹೇಳುವವರು ಖರ್ಚಿನ ಪುಸ್ತಕವನ್ನೂ ತೆರೆದಿಡಬೇಕು. ಒಪ್ಪದಿದ್ದರೆ ಎರಡೂ ಅಂಕಿಗಳನ್ನು ಬಿಟ್ಟುಬಿಡುತ್ತೇವೆ. ಸಾಲ ಮಾಡಿ ತೊಟ್ಟಿ ಕಟ್ಟುವವನು ನಮ್ಮ ಮಾತನ್ನು ನಂಬಿ ಕಟ್ಟುತ್ತಾನೆ.

ಕರಾವಳಿಯ ಮೀನುಗಾರರ ಕಾರ್ಯಕ್ರಮಗಳಿಗೆ ಬೇರೆಯದೇ ವೇಳಾಪಟ್ಟಿ ಬೇಕು. ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ಮೀನುಗಾರಿಕೆ ನಿಷೇಧ. ಬಲೆ ದುರಸ್ತಿ, ಬಲೆಯ ಕಣ್ಣಿನ ಅಳತೆ, ಎಂಜಿನ್ ನಿರ್ವಹಣೆ ಎಲ್ಲವನ್ನೂ ಆಗಲೇ ತೋರಿಸುತ್ತೇವೆ, ಆಗ ದಡದಲ್ಲಿರುವವರು ಹೆಚ್ಚು.

ಪ್ರಸಾರಕ್ಕೆ ಮುನ್ನ ಕಚ್ಚಾ ಸಂಕಲನವನ್ನು ಕೊಳವಿರುವ ಒಂದಷ್ಟು ಮನೆಯವರಿಗೆ ಒಟ್ಟಿಗೆ ಕೂರಿಸಿ ತೋರಿಸುವುದನ್ನು ನಾನು ತಪ್ಪಿಸುವುದಿಲ್ಲ. ಉಪಗ್ರಹದ ಮೂಲಕ ಹಳ್ಳಿಗಳಿಗೆ ಶಿಕ್ಷಣದ ಟಿವಿ ಕಾರ್ಯಕ್ರಮ ತಲುಪಿಸಿದ 1975-76ರ ಸೈಟ್ (SITE) ಪ್ರಯೋಗದಲ್ಲಿ ಸುಮಾರು 2,400 ಹಳ್ಳಿಗಳ ಜನ ತಮ್ಮ ತಮ್ಮ ಊರಿನ ಸಾರ್ವಜನಿಕ ಟಿವಿಯ ಮುಂದೆ ಗುಂಪಾಗಿ ಕುಳಿತು ನೋಡುತ್ತಿದ್ದರು. ಈಗ ಒಬ್ಬೊಬ್ಬರು ಮೊಬೈಲಿನಲ್ಲಿ ನೋಡುತ್ತಾರೆ, ಅರ್ಥವಾಗದಿದ್ದರೆ ಪಕ್ಕದವರನ್ನು ಕೇಳುವ ಅವಕಾಶವಿಲ್ಲ. ಆ ಕೊರತೆಯನ್ನು ಈ ಕೂಟದಲ್ಲಿ ತುಂಬಿಕೊಳ್ಳುತ್ತೇವೆ. "ಚೆನ್ನಾಗಿದೆಯಾ?" ಎಂದು ಕೇಳುವುದಿಲ್ಲ. "ನಾಳೆ ನಿಮ್ಮ ಕೊಳದಲ್ಲಿ ಏನು ಮಾಡುತ್ತೀರಿ, ಹೇಳಿ" ಎನ್ನುತ್ತೇನೆ. ಹೇಳಲು ತಡವರಿಸಿದ ಜಾಗವನ್ನು ಗುರುತು ಹಾಕಿಕೊಂಡು ಮತ್ತೆ ಚಿತ್ರೀಕರಿಸುತ್ತೇವೆ. ಮನೆಯ ಹೆಂಗಸರು ಕೇಳುವ ಪ್ರಶ್ನೆಗಳೇ ಹೆಚ್ಚು ಮೊನಚಾಗಿರುತ್ತವೆ, ಏಕೆಂದರೆ ಬಹಳ ಕಡೆ ದಿನವೂ ಮೇವು ಹಾಕುವವರು ಅವರೇ. ಪ್ರಸಾರದ ನಂತರ ಬಂದ ಪ್ರಶ್ನೆಗಳಿಗೆ ಮುಂದಿನ ಸಂಚಿಕೆಯ ಆರಂಭದಲ್ಲೇ ಉತ್ತರಿಸುತ್ತೇವೆ, ಅದೂ ಕೊಳದ ದಂಡೆಯಲ್ಲಿ ನಿಂತು, ಕೈಯಿಂದ ಮಾಡಿ ತೋರಿಸಿ.